ಸಿಯೋಲ್‌ನಲ್ಲಿ ಒಂದು ದಿನದ ಅನಕ್ಷರಸ್ಥರು

ಬಾವುಟ ಹಿಡಿದ ಗೈಡ್ ಹಿಂದೆ ಸಾಲುಗಟ್ಟಿ ನಡೆಯುವವರನ್ನು ಕಂಡರೆ ಸ್ವತಂತ್ರ ಪ್ರವಾಸಿಗೆ ಒಂದು ಬಗೆಯ ಕನಿಕರ. ಅವರು ನೋಡುವುದು ತೋರಿಸಿದ್ದನ್ನು, ತಿನ್ನುವುದು ಬಡಿಸಿದ್ದನ್ನು, ನಿಲ್ಲುವುದು ನಿಲ್ಲಿಸಿದಲ್ಲಿ. ತಾನಾದರೋ ಬೇಕಾದ ಹೊತ್ತಿಗೆ ಎದ್ದು, ಬೇಕಾದ ಮೆಟ್ರೊ ಹತ್ತಿ, ಬೇಕಾದ ಗಲ್ಲಿ ಹೊಕ್ಕು ಹೊರಬರುವವನು. ಈ ಹೆಮ್ಮೆ ಬಹಳ ಊರುಗಳಲ್ಲಿ ಸಲ್ಲುತ್ತದೆ. ಸಿಯೋಲ್‌ನಲ್ಲಿ ಮಾತ್ರ, ಆ ಊರಿನ ಅಕ್ಷರ ಕಲಿಯದೆ ಹೋದವರಿಗೆ ಸಲ್ಲುವುದಿಲ್ಲ. ಅವರು ಗೈಡನ್ನು ಬಿಟ್ಟಿಲ್ಲ. ಬಾವುಟದ ಗೈಡ್ ಬದಲು ಬ್ಯಾಟರಿಯ ಗೈಡನ್ನು ಇಟ್ಟುಕೊಂಡಿದ್ದಾರೆ, ಅಷ್ಟೇ.

ಇದು ಕಟುವಾದ ಮಾತು. ಆದರೆ ಇದಕ್ಕೆ ಕಾರಣ ಪ್ರವಾಸಿಯ ಸೋಮಾರಿತನ ಒಂದೇ ಅಲ್ಲ, ಆ ಲಿಪಿಯ ಉದಾರತನವೂ ಹೌದು. ಬೀಜಿಂಗ್‌ಗೆ ಹೊರಟವರಿಗೆ ಚೀನಿ ಅಕ್ಷರ ಕಲಿತು ಹೋಗಿ ಎಂದರೆ ಅದು ಹಾರಿಕೆಯ ಉಪದೇಶ. ಅಲ್ಲಿ ಪತ್ರಿಕೆ ಓದಲು ಸಾವಿರಾರು ಅಕ್ಷರ ಬೇಕು. ಟೋಕಿಯೊದಲ್ಲಿ ಎರಡು ಬಗೆಯ ಕಾನಾ ಕಲಿತ ಮೇಲೂ ಬೋರ್ಡುಗಳ ಕಾಂಜಿ ಹಾಗೇ ಉಳಿಯುತ್ತದೆ. ಕೊರಿಯನ್ನರ ಹಂಗುಲ್ ಹಾಗಲ್ಲ. ಮೂಲ ಅಕ್ಷರ 24: ವ್ಯಂಜನ 14, ಸ್ವರ 10. ಬಿಗಿಹಿಡಿದು ನುಡಿಯುವ ಜೋಡಿ ವ್ಯಂಜನ 5, ಕೂಡುಸ್ವರ 11 ಸೇರಿಸಿದರೂ ಒಟ್ಟು 40. ಅಕ್ಷರಮಾಲೆಯ 49 ಅಕ್ಷರ, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ ಇಷ್ಟನ್ನೂ ಮೂರನೇ ಕ್ಲಾಸಿನೊಳಗೆ ಅರಗಿಸಿಕೊಂಡವರಿಗೆ ಇದು ಒಂದು ಶನಿವಾರದ ಕೆಲಸ. ಕೊರಿಯಾ ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆಯ ಕಾಗದ, ರಜೆಯ ಪತ್ರ ಕೂಡಿಸಲು ಹಿಡಿಯುವ ಹೊತ್ತಿನಲ್ಲಿ ಈ ಲಿಪಿಯನ್ನು ಎರಡು ಸಲ ಕಲಿಯಬಹುದು. ಆ ಕಾಗದಗಳಿಗೆ ಹೊತ್ತು ಸಿಗುತ್ತದೆ. ಟಿಕೆಟ್ ಬೆಲೆ ಇಳಿಯಿತೇ ಎಂದು ರಾತ್ರಿ ಹನ್ನೆರಡಕ್ಕೆ ಎದ್ದು ನೋಡಲೂ ಹೊತ್ತು ಸಿಗುತ್ತದೆ. ಅಕ್ಷರಕ್ಕೆ ಮಾತ್ರ ಇಲ್ಲ.

ಕನ್ನಡ ಓದಬಲ್ಲವರಿಗೆ ಇದು ಎಷ್ಟು ಹತ್ತಿರದ ಲಿಪಿ ಎಂಬುದನ್ನು ಬಿಡಿಸಿ ಹೇಳಬೇಕು. ಶಾಲೆಯಲ್ಲಿ ಕಂಠ್ಯ, ತಾಲವ್ಯ, ದಂತ್ಯ, ಓಷ್ಠ್ಯ ಎಂದು ಬಾಯಿಪಾಠ ಮಾಡಿಸಿದ್ದು ನೆನಪಿರುತ್ತದೆ. ಹಂಗುಲ್ ಆ ಪಾಠವನ್ನೇ ಚಿತ್ರ ಮಾಡಿದೆ. ‘ಗ’ ಎಂಬುದು ಬಾಗಿದ ಮೊಳಕೈಯಂಥ ಒಂದು ಮೂಲೆ. ನಾಲಿಗೆಯ ಬುಡ ಮೇಲೆದ್ದು ಗಂಟಲನ್ನು ಮುಚ್ಚುವ ಆಕಾರ. ‘ನ’ ಅದನ್ನೇ ತಿರುಗಿಸಿಟ್ಟಂತೆ. ನಾಲಿಗೆಯ ತುದಿ ಮೇಲಕ್ಕೆ ಚಾಚಿದ ಆಕಾರ. ‘ಮ’ ಒಂದು ಚೌಕ, ಅದು ಬಾಯಿ. ‘ಸ’ ಎರಡು ಇಳಿಜಾರು ಗೆರೆ, ಅದು ಹಲ್ಲು. ಗಂಟಲಿಗೆ ಒಂದು ಸೊನ್ನೆ. ‘ಗ’ದ ನಡುವೆ ಒಂದು ಗೆರೆ ಎಳೆದರೆ ಉಸಿರು ಸೇರಿ ‘ಖ’ ಆಗುತ್ತದೆ. ‘ನ’ದ ಮೇಲೊಂದು ಗೆರೆ ಬಂದರೆ ‘ದ’, ಮತ್ತೊಂದು ಗೆರೆ ಬಂದರೆ ‘ಥ’. ಹೊಟ್ಟೆ ಸೀಳಿದರೆ ಮಹಾಪ್ರಾಣ ಎಂದು ‘ದ’ದಿಂದ ‘ಧ’ವನ್ನು, ‘ಪ’ದಿಂದ ‘ಫ’ವನ್ನು ಕಲಿತ ಕನ್ನಡದ ಕಣ್ಣಿಗೆ ಇದರಲ್ಲಿ ಹೊಸದೇನಿದೆ? ಈ ಹೋಲಿಕೆ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದಂಥದ್ದೂ ಅಲ್ಲ. ಧ್ವನಿಗಳನ್ನು ಬಾಯಿಯ ಸ್ಥಾನದಿಂದ ವಿಂಗಡಿಸುವ ಭಾರತದ ಶಾಸ್ತ್ರ ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋಗಿ ಅಲ್ಲಿನ ಧ್ವನಿಶಾಸ್ತ್ರದ ಮೇಲೆ ಪ್ರಭಾವ ಬೀರಿತು. ದೊರೆ ಸೆಜೊಂಗ್ ಮತ್ತು ಅವನ ವಿದ್ವಾಂಸರು ಓದಿಕೊಂಡಿದ್ದು ಆ ಚೀನಿ ಶಾಸ್ತ್ರವನ್ನು.

ಬರೆಯುವ ಕ್ರಮವೂ ಅಪರಿಚಿತವಲ್ಲ. ಅಕ್ಷರಗಳನ್ನು ಸಾಲಾಗಿ ಇಡುವುದಿಲ್ಲ, ಒಂದೊಂದು ಉಚ್ಚಾರಕ್ಕೆ ಒಂದೊಂದು ಚೌಕ ಕಟ್ಟುತ್ತಾರೆ. ವ್ಯಂಜನದ ಪಕ್ಕಕ್ಕೋ ಕೆಳಕ್ಕೋ ಸ್ವರ, ಅದರಡಿಗೆ ಬೇಕಾದರೆ ಇನ್ನೊಂದು ವ್ಯಂಜನ. ಒಂದೇ ಒಂದು ಎಚ್ಚರ ಬೇಕು: ಕನ್ನಡದ ‘ಅಕ್ಕ’ದಲ್ಲಿ ಕೆಳಗಿನ ಒತ್ತು ಮುಂದಿನ ಉಚ್ಚಾರವನ್ನು ಶುರುಮಾಡುತ್ತದೆ, ಕೊರಿಯನ್‌ನಲ್ಲಿ ಅಡಿಯ ವ್ಯಂಜನ ಅದೇ ಉಚ್ಚಾರವನ್ನು ಮುಚ್ಚುತ್ತದೆ. ಸ್ವರಗಳಲ್ಲಿ ತುಸು ತೊಡಕಿನದು ತುಟಿ ದುಂಡಗೆ ಮಾಡದೆ ನುಡಿಯುವ ಒಂದು ಉಕಾರ. ಇಂಗ್ಲಿಷಿನವರು ಅದಕ್ಕಾಗಿ ಒದ್ದಾಡುತ್ತಾರೆ. ಮುಂಬಯಿಯ ತುಳುವರ ಬಾಯಲ್ಲಿ ಅದಕ್ಕೆ ಹತ್ತಿರದ ಧ್ವನಿ ಎಷ್ಟೋ ಪದಗಳ ಕೊನೆಗೆ ದಿನವೂ ಬರುತ್ತದೆ. ಚೆನ್ನೈನಲ್ಲಿ ಇರುವವರ ಕಿವಿಗೆ ತಮಿಳಿನ ಪದಾಂತ್ಯದ ಕಿರಿದಾದ ಉಕಾರ ಬೀಳುತ್ತಲೇ ಇರುತ್ತದೆ.

ಈಗ ಆ ಒಂದು ದಿನಕ್ಕೆ ಬರೋಣ. ದಿನದ ಮೊದಲ ಪೆಟ್ಟು ಬೀಳುವುದು ಫೋನಿಗೆ. ಹೆಚ್ಚು ವಿವರದ ನಕಾಶೆಯ ದತ್ತಾಂಶವನ್ನು ದೇಶದ ಹೊರಗೆ ಒಯ್ಯಲು ಗೂಗಲ್ ಕೇಳಿದಾಗ ಕೊರಿಯಾ ಸರ್ಕಾರ 2007ರಲ್ಲಿ ಒಮ್ಮೆ, 2016ರಲ್ಲಿ ಇನ್ನೊಮ್ಮೆ ಭದ್ರತೆಯ ಕಾರಣ ಕೊಟ್ಟು ಒಪ್ಪಲಿಲ್ಲ. ಹಾಗಾಗಿ ಬೇರೆ ಊರುಗಳಲ್ಲಿ ಕೈಹಿಡಿದು ನಡೆಸುವ ಆ ನಕಾಶೆ ಸಿಯೋಲ್‌ನಲ್ಲಿ ನಡಿಗೆಯ ದಾರಿ ಕೇಳಿದರೆ ವರ್ಷಗಟ್ಟಲೆ ಕೈಚೆಲ್ಲುತ್ತಿತ್ತು. ಹೋದವರೆಲ್ಲ ಅಲ್ಲಿನದೇ ಆದ ನೇವರ್ ಅಥವಾ ಕಕಾವೊ ನಕಾಶೆಗೆ ಇಳಿಯುತ್ತಾರೆ. ಅವುಗಳಲ್ಲಿ ಇಂಗ್ಲಿಷ್ ಇದೆ, ದೊಡ್ಡ ಜಾಗಗಳಿಗೆ ಸಾಕಾಗುತ್ತದೆ. ಸಣ್ಣ ಅಂಗಡಿಯ ಹೆಸರನ್ನು ರೋಮನ್ ಅಕ್ಷರದಲ್ಲಿ ಹೊಡೆದು ಹುಡುಕಿದವರಿಗೆ ಅದು ಎಷ್ಟು ಸಾಕಾಗುತ್ತದೆ ಎಂಬುದು ಬೇಗ ತಿಳಿಯುತ್ತದೆ.

ರೋಮನ್ ಅಕ್ಷರದ ಮೇಲೆ ಭಾರ ಹಾಕುವುದೇ ಮೊದಲ ತಪ್ಪು. ಊರಿನ ಹೆಸರನ್ನೇ ನೋಡಿ. ಕನ್ನಡ ಪತ್ರಿಕೆಗಳು ‘ಸಿಯೋಲ್’ ಎಂದು ಬರೆಯುವುದು ಇಂಗ್ಲಿಷ್ ಕಾಗುಣಿತವನ್ನು ಕಣ್ಣಿನಿಂದ ಓದಿ. ಅಲ್ಲಿನವರ ಬಾಯಲ್ಲಿ ಅದು ‘ಸೊ’, ‘ಉಲ್’ ಎಂಬ ಎರಡು ಉಚ್ಚಾರ. ರೂಢಿಗೆ ತಲೆಬಾಗಿ ಈ ಬರಹ ‘ಸಿಯೋಲ್’ ಅನ್ನೇ ಉಳಿಸಿಕೊಂಡಿದೆ, ಆದರೆ ಆ ಹೆಸರನ್ನು ಟ್ಯಾಕ್ಸಿಯವನ ಮುಂದೆ ಹೇಳಿ ನೋಡಿದರೆ ರೂಢಿಯ ಬೆಲೆ ಗೊತ್ತಾಗುತ್ತದೆ. ಮೆಟ್ರೊದ 2ನೇ ಮಾರ್ಗ ಊರನ್ನು ಸುತ್ತುವ ವರ್ತುಲ. ಅದರ ಪಶ್ಚಿಮದ ಬದಿಗೆ ‘ಸಿನ್‌ಛೊನ್’ ಎಂಬ ನಿಲ್ದಾಣ. ಆಗ್ನೇಯದ ಬದಿಗೆ ಇನ್ನೊಂದು ನಿಲ್ದಾಣವಿತ್ತು. ರೋಮನ್ ಬರಹದಲ್ಲಿ ಇವೆರಡಕ್ಕೂ ಇದ್ದ ವ್ಯತ್ಯಾಸ ಒಂದೇ ಒಂದು ‘ಇ’ ಅಕ್ಷರ. ಇಲ್ಲಿಗೆ ಹೊರಟವರು ಅಲ್ಲಿ ಇಳಿಯುವುದು ಎಷ್ಟು ಮಾಮೂಲಾಗಿತ್ತೆಂದರೆ ಆ ಗೊಂದಲ ಊರಿಗೆಲ್ಲ ಗೊತ್ತಿತ್ತು. 2016ರ ಡಿಸೆಂಬರ್‌ನಲ್ಲಿ ಎರಡನೆಯದರ ಹೆಸರನ್ನು ‘ಜಮ್‌ಸಿಲ್‌ಸೆನೆ’ ಎಂದು ಬದಲಿಸಿದರು. ಹಂಗುಲ್‌ನಲ್ಲಿ ನೋಡಿದರೆ ಹಳೆಯ ಹೆಸರುಗಳೂ ಬೇರೆಬೇರೆಯೇ: ಒಂದರಲ್ಲಿ ಸ್ವರ ವ್ಯಂಜನದ ಕೆಳಗೆ ಮಲಗಿದೆ, ಇನ್ನೊಂದರಲ್ಲಿ ಪಕ್ಕದಲ್ಲಿ ನಿಂತಿದೆ. ಕಣ್ಣಿಗೆ ಹೊಡೆಯುವ ವ್ಯತ್ಯಾಸವನ್ನು ರೋಮನ್ ಲಿಪಿ ಅಳಿಸಿಹಾಕಿತ್ತು.

ಹೆಸರಿನೊಳಗೆ ಇಣುಕಿದರೆ ಇನ್ನೂ ಸ್ವಾರಸ್ಯ. ‘ಸಿನ್’ ಎಂದರೆ ಹೊಸ, ‘ಛೊನ್’ ಎಂದರೆ ಹಳ್ಳಿ. ಅಲ್ಲಿಗೆ ಸಿನ್‌ಛೊನ್ ಬೇರೆ ಏನಲ್ಲ, ಹೊಸಹಳ್ಳಿ. ಬೆಂಗಳೂರು ಮೆಟ್ರೊದಲ್ಲಿ ಅದೇ ಹೆಸರಿನ ನಿಲ್ದಾಣವಿದೆ. ಹೆಸರು ಕಳೆದುಕೊಂಡ ಇನ್ನೊಂದು ನಿಲ್ದಾಣ ಹೊಸಹೊಳೆ. ಹೊಸ ಹೆಸರಿನಲ್ಲಿರುವ ‘ಸೆನೆ’ಯೂ ಹೊಸಹೊಳೆಯೇ, ಆದರೆ ಚೀನಿ ಮೂಲದ ಪದ ಬಿಟ್ಟು ಅಚ್ಚ ಕೊರಿಯನ್ ಪದದಲ್ಲಿ. ‘ನೂತನ’ ತೆಗೆದು ‘ಹೊಸ’ ಹಾಕಿದಂತೆ. ಹೀಗೆ ನಾಲ್ಕಾರು ತುಂಡು ಗುರುತಾದರೆ ಸಾಕು, ಮೆಟ್ರೊ ನಕಾಶೆ ಊರಿನ ಕತೆ ಹೇಳಲು ಶುರುಮಾಡುತ್ತದೆ. ‘ಸನ್’ ಬೆಟ್ಟ, ‘ಗಂಗ್’ ನದಿ, ‘ಛೊನ್’ನ ಆ ಇನ್ನೊಂದು ರೂಪ ಹೊಳೆ, ‘ಮುನ್’ ಬಾಗಿಲು, ‘ಗುಂಗ್’ ಅರಮನೆ, ‘ಸಿಜಂಗ್’ ಸಂತೆ. ನಮ್‌ಸನ್ ತೆಂಕಣ ಬೆಟ್ಟ, ದೊಂಗ್‌ದೆಮುನ್ ಮೂಡಣ ಹೆಬ್ಬಾಗಿಲು. ಹಳ್ಳಿ, ಪಾಳ್ಯ, ಸಂದ್ರ, ಕೆರೆ, ಪೇಟೆ ಎಂಬ ತುಂಡುಗಳು ತಿಳಿಯದವನಿಗೆ ಬೆಂಗಳೂರು ಎಷ್ಟು ಮೂಕವೋ, ಇವು ತಿಳಿಯದವನಿಗೆ ಸಿಯೋಲ್ ಅಷ್ಟು ಮೂಕ.

ಎಲ್ಲರೂ ಮೊದಲು ಹೋಗುವುದು ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ. ಬಾಡಿಗೆಯ ಹನ್‌ಬೊಕ್ ಉಟ್ಟು ಬಂದರೆ ಟಿಕೆಟ್ ಇಲ್ಲ, ಆದ್ದರಿಂದ ಅಂಗಳದ ತುಂಬ ರೇಷ್ಮೆಯ ಲಂಗಗಳ ಫೋಟೊ ತೆಗೆಯುವ ಸಂಭ್ರಮ. ಅರಮನೆಯ ಮುಂಬಾಗಿಲು ಗ್ವಂಗ್‌ಹ್ವಮುನ್. ಅದರ ಮೇಲಿನ ಬೋರ್ಡ್ ಒಂದು ದೊಡ್ಡ ಜಗಳದ ವಸ್ತು, ಆದರೆ ಓದಲು ಬಾರದವರಿಗೆ ಅಲ್ಲಿ ಜಗಳವಿದೆ ಎಂಬುದೇ ಕಾಣುವುದಿಲ್ಲ. 1968ರಲ್ಲಿ ಬಾಗಿಲನ್ನು ಕಾಂಕ್ರೀಟಿನಲ್ಲಿ ಕಟ್ಟಿದಾಗ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಸ್ವತಃ ಬರೆದ ಹಂಗುಲ್ ಬೋರ್ಡ್ ಏರಿತು. 2010ರಲ್ಲಿ ಮರದಲ್ಲಿ ಹಳೆಯಂತೆ ಕಟ್ಟಿದಾಗ ಬಲದಿಂದ ಎಡಕ್ಕೆ ಓದುವ ಚೀನಿ ಅಕ್ಷರದ ಬೋರ್ಡ್ ಬಂತು, ಕೆಲವೇ ತಿಂಗಳಲ್ಲಿ ಬಿರುಕು ಬಿಟ್ಟಿತು. 2023ರಲ್ಲಿ ಅದನ್ನು ತೆಗೆದು ಕಪ್ಪು ಹಲಗೆಯ ಮೇಲೆ ಚಿನ್ನದ ಬಣ್ಣದ ಅಕ್ಷರ ಹಾಕಿದರು. ಅದೂ ಚೀನಿ ಅಕ್ಷರವೇ. ಇತಿಹಾಸ ಇದ್ದ ಹಾಗೆ ಇರಬೇಕು ಎಂದು ಒಂದು ಗುಂಪು. ಹಂಗುಲ್ ಹುಟ್ಟಿದ ಮನೆಯ ಬಾಗಿಲಿಗೇ ಹಂಗುಲ್ ಇಲ್ಲವೇ ಎಂದು ಇನ್ನೊಂದು ಗುಂಪು. ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು ಎಂದು ಕರ್ನಾಟಕದಲ್ಲಿ ನಡೆದ ಹೋರಾಟವನ್ನು, 2024ರಲ್ಲಿ ಬಂದ ಕಾನೂನಿನ ತಿದ್ದುಪಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಆವೇಶದಿಂದ ಹಂಚಿಕೊಂಡ ಕನ್ನಡಿಗರು, ಅದೇ ಜಗಳ ತೂಗುಹಾಕಿರುವ ಬಾಗಿಲಿನ ಕೆಳಗೆ ನಿಂತು ಸೆಲ್ಫಿ ತೆಗೆದುಕೊಂಡು ಒಳಗೆ ಹೋಗುತ್ತಾರೆ. ಅವರ ಹಿಂದೆ, ಚೌಕದಲ್ಲಿ, 2009ರ ಹಂಗುಲ್ ದಿನದಂದು ನಿಲ್ಲಿಸಿದ ಸೆಜೊಂಗ್‌ನ ಚಿನ್ನದ ಬಣ್ಣದ ಪ್ರತಿಮೆ ಪುಸ್ತಕ ಹಿಡಿದು ಕೂತಿದೆ.

ಅರಮನೆಯ ಒಳಗೆ ಕೊಳದ ಮೇಲಿನ ದೊಡ್ಡ ಮಂಟಪಕ್ಕೆ ಎಲ್ಲರೂ ಓಡುತ್ತಾರೆ. ಅದರ ಮುಂದೆಯೇ ಸುಜೊಂಗ್‌ಜೊನ್ ಎಂಬ ಸಾದಾ ಕಟ್ಟಡವಿದೆ. ಸೆಜೊಂಗ್‌ನ ವಿದ್ವಾಂಸರ ಕೂಟ ಇದ್ದದ್ದು ಆ ಜಾಗದಲ್ಲಿ. 1443ರ ಕೊನೆಗೆ ಲಿಪಿ ಸಿದ್ಧವಾಯಿತು, 1446ರಲ್ಲಿ ಪ್ರಜೆಗಳ ಮುಂದೆ ಬಂತು. ನಡುವೆ, 1444ರಲ್ಲಿ, ಅದೇ ಕೂಟದ ಹಿರಿಯ ಛೊಯೆ ಮಲ್ಲಿ ದೊರೆಗೆ ಬಿನ್ನಹ ಬರೆದು ವಿರೋಧಿಸಿದ. ಚೀನಾದ ಅಕ್ಷರ ಬಿಟ್ಟು ಸ್ವಂತ ಅಕ್ಷರ ಮಾಡಿಕೊಳ್ಳುವುದು ನಾಗರಿಕತೆ ಬಿಟ್ಟ ಹಾಗೆ ಎಂಬುದು ಅವನ ವಾದ. ಆ ವಾದ ಸೋತರೂ ಅದರ ಠೀವಿ ಸೋಲಲಿಲ್ಲ. ತನ್ನ ವಿರುದ್ಧ ಹಂಗುಲ್‌ನಲ್ಲಿ ಬರೆದ ಕಾಗದ ಅಂಟಿಸಿದರೆಂದು ದೊರೆ ಯೊನ್‌ಸನ್ 1504ರಲ್ಲಿ ಲಿಪಿಯನ್ನೇ ನಿಷೇಧಿಸಿದ. ದೊಡ್ಡವರು ಅದನ್ನು ಗಾಂಪರ ಬರಹವೆಂದು ಹಂಗಿಸುತ್ತಲೇ ಇದ್ದರು. ಹೆಂಗಸರು, ಸಾಮಾನ್ಯರು ಅದರಲ್ಲೇ ಕಾಗದ ಬರೆದುಕೊಂಡು ಕತೆ ಓದಿಕೊಂಡು ಅದನ್ನು ಉಳಿಸಿದರು. ಸರ್ಕಾರದ ಕಡತಕ್ಕೆ ಅದು ಏರಿದ್ದು 1894ರಲ್ಲಿ, ಅಂದರೆ ಹುಟ್ಟಿದ ಸುಮಾರು 450 ವರ್ಷದ ಮೇಲೆ. ಯಾರಾದರೂ ಸುಲಭವಾಗಿ ಕಲಿಯಲಿ ಎಂದೇ ಹುಟ್ಟಿದ ಲಿಪಿ ಅದು. ಆ ‘ಯಾರಾದರೂ’ ಎಂಬುದರಲ್ಲಿ ಡಿಗ್ರಿ ಪಡೆದು, ಮೂರು ನಾಲ್ಕು ಭಾಷೆ ಮಾತಾಡುವ ಭಾರತದ ಪ್ರವಾಸಿ ಸೇರುವುದಿಲ್ಲವೇ?

ಮಧ್ಯಾಹ್ನ ಹೊಟ್ಟೆ ಕೇಳುತ್ತದೆ. 1905ರಲ್ಲಿ ಶುರುವಾದ ಗ್ವಂಗ್‌ಜಂಗ್ ಸಂತೆಯಲ್ಲಿ ನೆನೆಸಿದ ಹೆಸರುಬೇಳೆಯನ್ನು ಬೀಸುಕಲ್ಲಿನಲ್ಲಿ ರುಬ್ಬಿ, ಕಾದ ಎಣ್ಣೆಯಲ್ಲಿ ದಪ್ಪಗೆ ಹುಯ್ದು ಬೇಯಿಸುತ್ತಾರೆ. ಹೈದರಾಬಾದಿನಿಂದ ಹೋದವರು ಪೆಸರಟ್ಟು ಎಂದು ಹಿಗ್ಗುವುದು ಖಂಡಿತ. ಹಿಗ್ಗಿ ತಿಂದ ಮೇಲೆ ಅದರಲ್ಲಿ ಹಂದಿಮಾಂಸವಿತ್ತೆಂದು ತಿಳಿಯುವ ಶಾಕಾಹಾರಿಯ ಪಾಡನ್ನು ಬೇರೆ ಹೇಳಬೇಕಿಲ್ಲ. ಇಲ್ಲಿ ಕಾಪಾಡುವುದು ಎರಡು ಚೌಕ: ‘ಗೊ’, ‘ಗಿ’. ಗೊಗಿ ಎಂದರೆ ಮಾಂಸ. ಎರಡೂ ಚೌಕದಲ್ಲಿ ಅದೇ ಮೊಳಕೈಯಂಥ ‘ಗ’, ಒಂದಕ್ಕೆ ಸ್ವರ ಕೆಳಗೆ, ಒಂದಕ್ಕೆ ಪಕ್ಕಕ್ಕೆ. ‘ಸೊಗೊಗಿ’ ದನದ್ದು, ‘ದ್ವೆಜಿಗೊಗಿ’ ಹಂದಿಯದು, ‘ದಕ್‌ಗೊಗಿ’ ಕೋಳಿಯದು. ‘ಹೆಮುಲ್’ ಕಂಡರೆ ಕಡಲಿನದು, ‘ದುಬು’ ಕಂಡರೆ ತೋಫು. ಇಷ್ಟು ತಿಳಿದವರಿಗೆ ಎಲ್ಲವೂ ತಿಳಿಯಿತೆಂದಲ್ಲ. ಸಾರಿಗೆ ಒಣಮೀನು ಹಾಕಿರಬಹುದು, ಕಿಮ್ಚಿಗೆ ಉಪ್ಪು ಹಾಕಿದ ಸೀಗಡಿ ಹಾಕಿರಬಹುದು, ಅದನ್ನು ಬೋರ್ಡ್ ಹೇಳುವುದಿಲ್ಲ. ಆದರೆ ಬೋರ್ಡ್ ಹೇಳುವುದನ್ನಾದರೂ ಕೇಳಿಸಿಕೊಂಡವರಿಗೆ ಮುಂದೆ ಏನು ಕೇಳಬೇಕು ಎಂಬುದು ಗೊತ್ತಿರುತ್ತದೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಓದಲು ಬಂದ ಮಾತ್ರಕ್ಕೆ ಅರ್ಥವಾಗುತ್ತದೆಯೇ? ಅರ್ಥ ಗೊತ್ತಿಲ್ಲದೆ ಅಕ್ಷರ ಕೂಡಿಸಿ ಓದುವುದು ಗಿಳಿಪಾಠವಲ್ಲವೇ? ಎಲ್ಲವೂ ಅರ್ಥವಾಗುವುದಿಲ್ಲ, ನಿಜ. ಆದರೆ ಬೀದಿಯ ಬರಹ ಕಾವ್ಯವಲ್ಲ. ‘ಖೊಫಿ’, ‘ಬೊಸು’, ‘ಥೆಕ್ಸಿ’, ‘ಹೊಥೆಲ್’ ಎಂದು ಗಟ್ಟಿಯಾಗಿ ಓದಿದವರಿಗೆ ಕಾಫಿ, ಬಸ್ಸು, ಟ್ಯಾಕ್ಸಿ, ಹೋಟೆಲು ಹೊಳೆಯಲು ಎಷ್ಟು ಹೊತ್ತು ಬೇಕು? ಇನ್‌ಸದೊಂಗ್ ಬೀದಿಯಲ್ಲಿ ಸ್ಟಾರ್‌ಬಕ್ಸ್ ಕೂಡ ತನ್ನ ಹೆಸರನ್ನು ಹಂಗುಲ್‌ನಲ್ಲಿ ಬರೆದುಕೊಂಡಿದೆ. ಉಳಿದಂತೆ ‘ಇಪ್‌ಗು’ ಒಳದಾರಿ, ‘ಛುಲ್‌ಗು’ ಹೊರದಾರಿ, ‘ಯಕ್’ ಎಂಬ ಒಂದೇ ಚೌಕ ಔಷಧಿ ಅಂಗಡಿ, ‘ಹ್ವಜಂಗ್‌ಸಿಲ್’ ಶೌಚಾಲಯ. ಒಂದು ದಿನಕ್ಕೆ ಇಂಥ ಐವತ್ತು ಪದ ಸಾಕು. ಐವತ್ತು ಪದ ನೆನಪಿಡಲು ಆಗುವುದಿಲ್ಲ ಎನ್ನುವವರು ಐಪಿಎಲ್ ತಂಡಗಳ ಆಟಗಾರರ ಹೆಸರು ಎಷ್ಟು ನೆನಪಿದೆ ಎಂದು ಎಣಿಸಿಕೊಳ್ಳಲಿ.

ಎರಡನೆಯ ಆಕ್ಷೇಪ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ: ಕ್ಯಾಮೆರಾ ಹಿಡಿದರೆ ಫೋನೇ ಅನುವಾದ ಮಾಡುತ್ತದಲ್ಲ? ಮಾಡುತ್ತದೆ, ದಿನದಿಂದ ದಿನಕ್ಕೆ ಚೆನ್ನಾಗಿಯೇ ಮಾಡುತ್ತಿದೆ. ಯಂತ್ರದ ಅನುವಾದವನ್ನು ಹೀಗಳೆಯುವ ಕಾಲ ಮುಗಿಯಿತು. ಪ್ರಶ್ನೆ ಅನುವಾದದ ಗುಣದ್ದಲ್ಲ, ಓದು ಎಂದರೇನು ಎಂಬುದರದು. ಕ್ಯಾಮೆರಾ ಹಿಡಿದದ್ದನ್ನು ಮಾತ್ರ ಓದುತ್ತದೆ. ಹಿಡಿಯಬೇಕು ಎಂದು ಅನ್ನಿಸಬೇಕಾದರೆ ಅಲ್ಲಿ ಏನೋ ಇದೆ ಎಂದು ಮೊದಲೇ ತಿಳಿದಿರಬೇಕು. ಅಕ್ಷರ ಬಲ್ಲ ಕಣ್ಣಿಗೆ ಈ ಕಟ್ಟು ಇಲ್ಲ. ಅದು ಬೇಡವೆಂದರೂ ಓದುತ್ತದೆ. ಬಸ್ಸಿನ ಕಿಟಕಿಯಿಂದ ಅಂಗಡಿ ಹೆಸರು, ಗೋಡೆಯ ಮೇಲಿನ ಬೈಗುಳ, ಲಿಫ್ಟಿನೊಳಗಿನ ಎಚ್ಚರಿಕೆ, ಎದುರು ಕೂತವರ ಪುಸ್ತಕದ ಬೆನ್ನು, ಎಲ್ಲವೂ ಕರೆಯದೆ ಒಳಗೆ ಬರುತ್ತವೆ. ಊರು ತಾನಾಗಿ ಮಾತಾಡುವುದು ಹಾಗೆ. ಫೋನು ಪ್ರಶ್ನೆಗೆ ಉತ್ತರ ಕೊಡುತ್ತದೆ, ಓದು ಕೇಳದ ಪ್ರಶ್ನೆಗೂ ಉತ್ತರ ಕೊಡುತ್ತದೆ. ದಾರಿ ತಪ್ಪಿ ಸಿಕ್ಕಿದ್ದೇ ಚೆನ್ನಾಗಿತ್ತು ಎಂದು ಸ್ವತಂತ್ರ ಪ್ರವಾಸದ ಹಿರಿಮೆ ಹಾಡುವವರು ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರಾಗಿರಬೇಕು.

ಮೂರನೆಯದು ಆಕ್ಷೇಪವಲ್ಲ, ತಪ್ಪಿಸಿಕೊಳ್ಳುವ ದಾರಿ. ಕೊರಿಯನ್ ಭಾಷೆ ತಮಿಳಿನಿಂದಲೇ ಹುಟ್ಟಿದ್ದು, ಅಲ್ಲಿಯೂ ಅಪ್ಪನಿಗೆ ‘ಅಪ್ಪ’, ಅಮ್ಮನಿಗೆ ‘ಒಮ್ಮ’ ಎನ್ನುತ್ತಾರೆ ಎಂಬ ಸಂದೇಶ ವರ್ಷಕ್ಕೆ ನಾಲ್ಕು ಸಲ ಎಲ್ಲರ ಫೋನಿಗೂ ಬರುತ್ತದೆ. ಕೊರಿಯನ್ನನ್ನೂ ದ್ರಾವಿಡ ಭಾಷೆಗಳನ್ನೂ ಹೋಲಿಸಿ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಪಾದ್ರಿ 20ನೇ ಶತಮಾನದ ಆರಂಭದಲ್ಲೇ ಪುಸ್ತಕ ಬರೆದಿದ್ದ. ಇಂದಿನ ಭಾಷಾವಿಜ್ಞಾನ ಆ ನಂಟನ್ನು ಒಪ್ಪುವುದಿಲ್ಲ. ಕೂಸಿನ ತುಟಿಗೆ ಮೊದಲು ಸಿಗುವ ಧ್ವನಿಗಳಿಂದ ತಾಯಿ ತಂದೆಯ ಹೆಸರು ಆಗುವುದು ನಂಟಿಲ್ಲದ ಎಷ್ಟೋ ಭಾಷೆಗಳಲ್ಲಿ ಸಾಮಾನ್ಯ. ನಂಟು ಇದೆಯೋ ಇಲ್ಲವೋ ಎಂಬ ವಾದ ಒತ್ತಟ್ಟಿಗಿರಲಿ. ಅದೇ ಭಾಷೆಯವರು ತಮ್ಮ ರಕ್ತಸಂಬಂಧಿಗಳು ಎಂದು ಸಾರುವವರು ಆ ಸಂಬಂಧಿಯ ಮನೆಬಾಗಿಲಿನ ಹೆಸರು ಓದಲು ಒಂದು ಶನಿವಾರ ಕೊಡುವುದಿಲ್ಲವೆಂದರೆ, ಆ ನಂಟಸ್ತಿಕೆಯಲ್ಲಿ ಇರುವುದು ಹೆಮ್ಮೆ ಮಾತ್ರ, ಪ್ರೀತಿಯಲ್ಲ.

ಹೊತ್ತು ಇಳಿಯುವ ಮುನ್ನ ಸಿಯೋಲ್ ರೈಲು ನಿಲ್ದಾಣದ ಬಳಿ ನಿಲ್ಲಬೇಕು. 1925ರ ಹಳೆಯ ಕಟ್ಟಡ ಈಗ ಕಲಾಪ್ರದರ್ಶನಗಳ ಮನೆ. ಜಪಾನ್ ಆಳ್ವಿಕೆಯಲ್ಲಿ ಶಾಲೆಗಳಿಂದ ಕೊರಿಯನ್ ಭಾಷೆಯನ್ನು ಹೊರಹಾಕುತ್ತ ಬಂದ ಕಾಲದಲ್ಲಿ ಒಂದು ಭಾಷಾ ಸಂಘ ನಿಘಂಟು ಕಟ್ಟುತ್ತಿತ್ತು. 1942ರಲ್ಲಿ ಅದರವರನ್ನು ಹಿಡಿದು ಸೆರೆಗೆ ಹಾಕಿದರು. ಇಬ್ಬರು ಸೆರೆಮನೆಯಲ್ಲೇ ತೀರಿಕೊಂಡರು. ಪದಗಳನ್ನು ಬರೆದಿಟ್ಟ ಹಸ್ತಪ್ರತಿಯ ಕಟ್ಟುಗಳು ಸಾಕ್ಷ್ಯವಾಗಿ ಪೊಲೀಸರ ಪಾಲಾಗಿ ಕಳೆದೇಹೋದವು ಎಂದುಕೊಂಡಿದ್ದರು. ಜಪಾನ್ ಸೋತ ಮೇಲೆ, 1945ರ ಸೆಪ್ಟೆಂಬರ್‌ನಲ್ಲಿ, ಅವು ಸಿಕ್ಕಿದ್ದು ಈ ನಿಲ್ದಾಣದ ಗೋದಾಮಿನಲ್ಲಿ. 1947ರಲ್ಲಿ ಆ ನಿಘಂಟಿನ ಮೊದಲ ಸಂಪುಟ ಬಂತು, 1957ಕ್ಕೆ ಆರನೆಯದು. ಹಂಗುಲ್ ದಿನಕ್ಕೆ 1991ರಲ್ಲಿ ತಪ್ಪಿಹೋದ ಸರ್ಕಾರಿ ರಜೆ 2013ರಲ್ಲಿ ಮರಳಿತು. ಬೀದಿಯ ತುಂಬ ಕಾಣುವ ಆ ಚೌಕಗಳು ಅಲಂಕಾರವಲ್ಲ. ಅವುಗಳಿಗಾಗಿ ಜನ ಸತ್ತಿದ್ದಾರೆ. ಅವುಗಳನ್ನು ಮುದ್ದಾದ ವಿನ್ಯಾಸವೆಂದು ಅಂಗಿಯ ಮೇಲೆ ಅಚ್ಚುಹಾಕಿಸಿ ತರುವವರು ಅಂಗಿಯ ಮೇಲೆ ಏನು ಬರೆದಿದೆ ಎಂದಾದರೂ ಓದಿಕೊಂಡರೆ ಚೆನ್ನ.

ಈಗ ಮನೆಯ ಮಾತು, ಏಕೆಂದರೆ ಈ ರೋಗ ವಿಮಾನ ಹತ್ತಿದ ಮೇಲೆ ಅಂಟಿದ್ದಲ್ಲ. ಹೈದರಾಬಾದಿನಲ್ಲಿ ಇಪ್ಪತ್ತು ವರ್ಷ ಇದ್ದು ತೆಲುಗು ಓದಲು ಬಾರದ ಕನ್ನಡಿಗರಿದ್ದಾರೆ. ತೆಲುಗು ಮತ್ತು ಕನ್ನಡ ಲಿಪಿ ಅಕ್ಕತಂಗಿಯರು. ತಲೆಕಟ್ಟಿನ ವ್ಯತ್ಯಾಸ ತಿಳಿದರೆ ಒಂದು ಮಧ್ಯಾಹ್ನದ ಕೆಲಸ. ಚೆನ್ನೈನಲ್ಲಿ ಮಕ್ಕಳ ಮದುವೆ ಮಾಡುವಷ್ಟು ಕಾಲ ಇದ್ದು, ಬಸ್ಸಿನ ಬೋರ್ಡ್ ಓದಲು ಪಕ್ಕದವರನ್ನು ಕೇಳುವವರಿದ್ದಾರೆ. ಅವರೇ ಬೆಂಗಳೂರಿಗೆ ಬಂದು ನೆಲೆಸಿ ಕನ್ನಡ ಕಲಿಯದವರ ಮೇಲೆ ಹರಿಹಾಯುತ್ತಾರೆ. ಹಾಯುವುದು ಸರಿ, ಬಂದವರು ಕಲಿಯಲೇಬೇಕು. ಆದರೆ ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸಿದರೆ ಯಾರು ಕೇಳುತ್ತಾರೆ? ಚೆನ್ನೈನವರಿಗಂತೂ ಹಂಗುಲ್ ಅಭ್ಯಾಸಕ್ಕೆ ಸಿಯೋಲ್ ತನಕ ಹೋಗಬೇಕಿಲ್ಲ. ಶ್ರೀಪೆರುಂಬುದೂರಿನ ಕಾರು ಕಾರ್ಖಾನೆಗೆ ಬಂದ ಕೊರಿಯನ್ನರಿಗಾಗಿ ಎದ್ದ ಊಟದ ಮನೆಗಳ ಮೇಲೆ ಆ ಅಕ್ಷರ ಊರಿನಲ್ಲೇ ಸಿಗುತ್ತದೆ.

ಇದಕ್ಕಿಂತ ನೋಯುವ ಜಾಗ ಇನ್ನೊಂದಿದೆ. ಪುಣೆಯ, ಮುಂಬಯಿಯ, ದೆಹಲಿಯ ಕನ್ನಡದ ಮನೆಗಳಲ್ಲಿ ಹದಿನಾಲ್ಕರ ಮಕ್ಕಳು ಹಾಡಿನ ಗುಂಪುಗಳ ಮೇಲಿನ ಮೋಹಕ್ಕೆ, ಧಾರಾವಾಹಿಗಳ ಮೇಲಿನ ಮೋಹಕ್ಕೆ ಯಾರೂ ಹೇಳಿಕೊಡದೆ ಹಂಗುಲ್ ಕಲಿತುಬಿಟ್ಟಿದ್ದಾರೆ. ಅದೇ ಮನೆಯ ಅಪ್ಪ ಅಮ್ಮ ‘ಕನ್ನಡ ಲಿಪಿ ಮಕ್ಕಳಿಗೆ ಕಷ್ಟ, ಮಾತಾಡಿದರೆ ಸಾಕು’ ಎಂದು ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ. ಅಜ್ಜಿ ಬರೆದ ಕಾಗದವನ್ನು ಆ ಮಗುವಿಗೆ ಯಾರೋ ಓದಿ ಹೇಳಬೇಕು. ಕೊರಿಯಾದ ಹುಡುಗರು ಬರೆದ ಒಕ್ಕಣೆಯನ್ನು ಅದು ತಾನೇ ಓದಿಕೊಳ್ಳುತ್ತದೆ. ಕಷ್ಟ ಲಿಪಿಯಲ್ಲಿ ಇರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಬೇಕೆನಿಸಿದ್ದನ್ನು ಮಕ್ಕಳು ಒಂದು ವಾರದಲ್ಲಿ ಕಲಿಯುತ್ತಾರೆ. ಬೇಕು ಎಂದು ಯಾರೂ ಅನ್ನಿಸದೆ ಬಿಟ್ಟದ್ದನ್ನು ಕಲಿಯುವುದಿಲ್ಲ. ಹಿರಿಯರು ಅಂಥ ಮಕ್ಕಳನ್ನು ಬೈಯುವ ಬದಲು ಸಿಯೋಲ್‌ಗೆ ಹೊರಡುವ ಮುನ್ನ ಅವರ ಪಕ್ಕ ಕೂತು ಅಕ್ಷರ ಹೇಳಿಸಿಕೊಳ್ಳಲಿ, ಬದಲಿಗೆ ಕನ್ನಡದ ಕಾಗುಣಿತ ಹೇಳಿಕೊಡಲಿ. ಎರಡು ಕೆಲಸ ಒಂದೇ ಶನಿವಾರ ಶುರುವಾಗುತ್ತದೆ.

ದಿನದ ಕೊನೆಗೆ 3ನೇ ಮಾರ್ಗದಲ್ಲಿ ಒಂದು ನಿಲ್ದಾಣ ಬರುತ್ತದೆ. ಬೋರ್ಡಿನ ಮೂರು ಚೌಕಗಳನ್ನು ಕೂಡಿಸಿದರೆ ‘ದೊಕ್’, ‘ರಿಪ್’, ‘ಮುನ್’. ರೈಲಿನ ಧ್ವನಿವರ್ಧಕ ಮಾತ್ರ ‘ದೊಙ್‌ನಿಮ್‌ಮುನ್’ ಎನ್ನುತ್ತದೆ. ಬರೆದದ್ದೊಂದು, ನುಡಿದದ್ದೊಂದು ಎಂದು ಹೊರಗಿನವರು ಕಂಗಾಲಾಗುವ ಜಾಗ ಇದು. ಹೈಸ್ಕೂಲಿನಲ್ಲಿ ‘ವಾಕ್’ ‘ಮಯ’ ಸೇರಿ ‘ವಾಙ್ಮಯ’ ಆಯಿತು, ‘ಷಟ್’ ‘ಮಾಸ’ ಸೇರಿ ‘ಷಣ್ಮಾಸ’ ಆಯಿತು ಎಂದು ಅನುನಾಸಿಕ ಸಂಧಿ ಬರೆದು ಅಂಕ ಪಡೆದವರಿಗೆ ಇಲ್ಲಿ ಗಾಬರಿಯಿಲ್ಲ. ‘ದೊಕ್‌ರಿಪ್’ ಎಂದರೆ ಸ್ವಾತಂತ್ರ್ಯ. ನಿಲ್ದಾಣದ ಹೊರಗಿರುವ ಕಲ್ಲಿನ ಬಾಗಿಲು ಕಟ್ಟಿ ಮುಗಿದದ್ದು 1897ರಲ್ಲಿ. ಚೀನಾದ ರಾಯಭಾರಿಗಳನ್ನು ಬರಮಾಡಿಕೊಳ್ಳಲು ಹಿಂದೆ ಇದ್ದ ಬಾಗಿಲನ್ನು ಕೆಡವಿ ಆ ಜಾಗದಲ್ಲೇ ಅದನ್ನು ಎತ್ತಿದರು. ಅದರ ಹಿಂದಿದ್ದ ಗುಂಪಿನ ಸೊ ಜೆ ಪಿಲ್ 1896ರಲ್ಲಿ ಪೂರ್ತಿ ಹಂಗುಲ್‌ನಲ್ಲಿ, ಪದಪದದ ನಡುವೆ ಜಾಗ ಬಿಟ್ಟು, ಎಲ್ಲರೂ ಓದಬಲ್ಲ ಪತ್ರಿಕೆ ತಂದಿದ್ದ. ಅದರ ಹೆಸರಿನಲ್ಲೂ ಅದೇ ‘ದೊಕ್‌ರಿಪ್’. ಬಾಗಿಲಿನ ಒಂದು ಬದಿಗೆ ಹೆಸರು ಚೀನಿ ಅಕ್ಷರದಲ್ಲಿದೆ, ಇನ್ನೊಂದು ಬದಿಗೆ ಹಂಗುಲ್‌ನಲ್ಲಿ. ಸ್ವತಂತ್ರವಾಗುವುದು ಎಂದರೆ ಓದಿಕೊಳ್ಳುವುದು ಎಂದು ಆ ಕಾಲದವರಿಗೆ ಗೊತ್ತಿತ್ತು.

ಆ ಮೂರು ಚೌಕವನ್ನು ಸ್ವಂತ ಕಣ್ಣಿನಿಂದ ಓದಿದವರು ತಮ್ಮ ಒಂದು ದಿನವನ್ನು ಸ್ವತಂತ್ರ ಪ್ರವಾಸ ಎಂದು ಧಾರಾಳವಾಗಿ ಕರೆದುಕೊಳ್ಳಲಿ. ಉಳಿದವರು ಬಾವುಟದ ಹಿಂದೆ ಹೋಗುವುದೇ ಮೇಲು. ಗೈಡ್‌ಗೆ ಕೊನೆಪಕ್ಷ ಓದಲು ಬರುತ್ತದೆ.